ಮಧ್ಯದಾರಿಯಲ್ಲಿ ಹತ್ತುವವನು

೧ ಜನವರಿ ೧೯೭೯, ಸೋಮವಾರ. ಹೊನ್ನಾಳಿ

ಯಾರಲ್ಲಿ?

ಯಾರೂ ಇಲ್ಲ. ಸರಿ, ಹಾಗಾದರೆ ಬರೆದೇ ತೀರುತ್ತೇನೆ.

ಟೈರಿನ ಅಂಗಡಿಯವರು ನಮ್ಮ ಧಣಿಗಳಿಗೆ ಒಂದು ಕಟ್ಟು ಡೈರಿ ಕಳಿಸಿದ್ದರು. ಒಂಬತ್ತು ಜನ ಕಂಡಕ್ಟರುಗಳಿಗೂ ಒಂದೊಂದು ಬಂತು. ಉಳಿದವರು ಮಕ್ಕಳಿಗೆ ಗೀಚಲು ಒಯ್ದರು. ನನ್ನ ಮನೆಯಲ್ಲಿ ಗೀಚುವವರಿಲ್ಲ. ಹೆಂಡತಿ ತೀರಿಹೋಗಿ ಮೂರು ವರ್ಷವಾಯಿತು. ಹೋಗುವಾಗ ಹೊಟ್ಟೆಯಲ್ಲಿದ್ದುದನ್ನೂ ಜೊತೆಗೇ ಕರೆದುಕೊಂಡು ಹೋದಳು. ಆದ್ದರಿಂದ ಈ ರಂಗಸ್ಥಳದಲ್ಲಿ ನಾನೇ ಪಾತ್ರಧಾರಿ, ನಾನೇ ಪ್ರೇಕ್ಷಕ.

ಇವತ್ತಿನ ದೃಶ್ಯ: ದಾವಣಗೆರೆಯಲ್ಲಿ ನಮ್ಮ ಚಂದ್ರಕಲಾ ಮೋಟಾರ್ ಸರ್ವಿಸ್ಸಿನ ಶೆಡ್ಡು. ಧಣಿಗಳು ಮೇಜಿನ ಹಿಂದೆ, ನಾವು ಒಂಬತ್ತು ಜನ ಮುಂದೆ. ಧಣಿಗಳು ಕನ್ನಡಕ ತೆಗೆದು ಹೇಳಿದರು:

"ನೋಡ್ರಪ್ಪಾ, ಸಂಬಳಕ್ಕೆ ದುಡಿಯೋದು ನೋಡಿದೀನಿ. ಇನ್ನು ಆಸೆಗೆ ಹೆಂಗೆ ದುಡೀತೀರೋ ನೋಡ್ತೀನಿ. ಇವತ್ತಿಂದ ಕಲೆಕ್ಷನ್ ಮ್ಯಾಲೆ ಕಂಡಕ್ಟರಿಗೆ ಕಮಿಷನ್ನು. ಜೂನ್ ಕೊನೆಗೆ ಯಾರ ಕಲೆಕ್ಷನ್ ಮೇಲೈತೋ ಅವನು ಚೆಕಿಂಗ್ ಇನ್ಸ್‌ಪೆಕ್ಟರು. ಬಿಳಿ ಅಂಗಿ, ಚನ್ನಗಿರಿ ಆಫೀಸ್ನಾಗೆ ಕುರ್ಚಿ, ಮ್ಯಾಲೊಂದು ರೂಮು."

ಅಬ್ಬಾ, ಒಂಬತ್ತು ಜನರೂ ಒಬ್ಬರನ್ನೊಬ್ಬರು ಅಳೆದು ನೋಡಿದೆವು.

ನಮ್ಮಪ್ಪ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದೂತನ ಪಾತ್ರ ಮಾಡಿದ. ಕಂಚಿನ ಗಂಟಲು, ಎತ್ತರದ ಮೈಕಟ್ಟು. ಆದರೂ ಓಡಿಬಂದು ಸುದ್ದಿ ಹೇಳುವುದು, ಬಾಗಿ ಹಿಂದೆ ಸರಿಯುವುದು, ಅಷ್ಟೇ. ರಾಜನ ಪಾತ್ರದವನಿಗೆ ಜ್ವರ ಬಂದ ದಿನ ಅಪ್ಪ ಬಣ್ಣ ಹಚ್ಚಿಕೊಂಡು ಸಿದ್ಧನಾಗಿ ಕೂತಿದ್ದನಂತೆ. ಜ್ವರ ಇಳಿಯಿತು. ಅಪ್ಪ ಬಣ್ಣ ತೊಳೆದುಕೊಂಡ. ಪರದೆಯ ಹಿಂದೆ ಗೋಣಿಚೀಲದ ಮೇಲೆ ಮಲಗಿ ಬೆಳೆದ ನನಗೆ ಇದೆಲ್ಲ ಗೊತ್ತು.

ಹನ್ನೊಂದು ವರ್ಷದಿಂದ ಕಂಡಕ್ಟರ್ ನಾನು. ಈ ಸಲ ರಾಜನ ಪಾತ್ರ ನನ್ನದೇ.

ಬರುವಾಗ ಡ್ರೈವರ್ ಓಬಳಪ್ಪನಿಗೆ ಹೇಳಿದೆ, "ಕಮಿಷನ್‌ನಾಗೆ ಅರ್ಧ ನಿಂದು ಕಣಲೇ. ಡ್ರೈವರಿಗೆ ಧಣಿಗಳು ಕೊಡದಿದ್ರೆ ನಾನ್ ಕೊಡ್ತೀನಿ." ಅವನು ಸ್ಟೇರಿಂಗ್ ಬಿಡದೆ ನಕ್ಕ. "ಮೊದ್ಲು ಬರ್ಲಿ ಬಿಡೋ ಮಾರಾಯ."

೪ ಜನವರಿ, ಗುರುವಾರ

ನಮ್ಮ ಲೈನು ನ್ಯಾಮತಿಯಿಂದ ಜಗಳೂರಿಗೆ. ಬೆಳಗ್ಗೆ ಆರಕ್ಕೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಸಂತೇಬೆನ್ನೂರು, ದಾವಣಗೆರೆ ದಾಟಿ ಹನ್ನೆರಡಕ್ಕೆ ಜಗಳೂರು. ಊಟ ಮಾಡಿ ಅದೇ ದಾರಿಯಲ್ಲಿ ವಾಪಸ್ಸು. ಓಬಳಪ್ಪನ ಹೆಂಡತಿ ಹೊನ್ನೂರಮ್ಮ ಎರಡು ಅಂತಸ್ತಿನ ಡಬ್ಬಿ ಕಟ್ಟುತ್ತಾಳೆ. ಮೇಲಿನದು ಅವನಿಗೆ, ಕೆಳಗಿನದು ನನಗೆ. ಅವರ ಕೇರಿಯ ರೊಟ್ಟಿ ನಾನು ತಿನ್ನುತ್ತೇನೆಂದು ನಮ್ಮ ಬೀದಿಯವರು ಒಂದು ವರ್ಷ ಮೂಗು ಮುರಿದರು, ಆಮೇಲೆ ಮೂಗು ನೋವು ಬಂದಿರಬೇಕು, ಬಿಟ್ಟರು.

ಇವತ್ತು ಜಗಳೂರಿನಲ್ಲಿ ನಾಟಕದವರು ಏಳು ಜನ ಟ್ರಂಕು, ಹಾರ್ಮೋನಿಯಂ, ಸುತ್ತಿದ ಪರದೆಗಳ ಸಮೇತ ನಿಂತಿದ್ದರು. ನಮ್ಮ ಬಸ್ಸಿನಲ್ಲಿ ಒಂದು ಪದ್ಧತಿ ಇದೆ, ನಾನೇ ಹಾಕಿದ್ದು. ನಾಟಕದವರಿಗೆ ಟಾಪಿನ ಮೇಲೆ ಪುಕ್ಕಟೆ. ಬಾಡಿಗೆಗೆ ಬದಲು ಬಸ್ಸು ಚಾ ಕುಡಿಯಲು ನಿಂತಲ್ಲಿ ಒಂದು ಸೀನು. ಹಾರ್ಮೋನಿಯಂ ದೊಡ್ಡಣ್ಣ ಮೇಷ್ಟ್ರು ಅಪ್ಪನ ಕಾಲದವರು. ಚನ್ನಗಿರಿಯಲ್ಲಿ ಇಳಿದವರೇ ಟ್ರಂಕಿನ ಮೇಲೆ ಪೆಟ್ಟಿಗೆ ಇಟ್ಟು ಶ್ರುತಿ ಹಿಡಿದರು. ನಾನು ಟವೆಲ್ಲನ್ನು ಭುಜಕ್ಕೆ ಎಸೆದು ರಾಜನಾದೆ. ಓಬಳಪ್ಪ ಡಬ್ಬಿಯ ಮುಚ್ಚಳವನ್ನು ಗುರಾಣಿ ಮಾಡಿಕೊಂಡು ಸೇನಾಪತಿಯಾದ, ಮಾತು ಮರೆತು "ಮಹಾಪ್ರಭು, ಡೀಸಲ್ ಮುಗುದೈತೆ" ಅಂದ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. ಎದುರಿಗೆ ನಿಂತಿದ್ದ ಬೇರೆ ಕಂಪನಿಯ ಬಸ್ಸಿನಿಂದ ಹನ್ನೆರಡು ಜನ ಇಳಿದು ನಮ್ಮದಕ್ಕೆ ಹತ್ತಿದರು.

ಗಂಟಲು ಈಗಲೂ ಬಿಸಿಯಾಗಿದೆ. ಒಳ್ಳೆಯ ದಿನ.

೩೧ ಜನವರಿ, ಬುಧವಾರ

ಮೊದಲ ಕಮಿಷನ್ ಕೈಗೆ ಬಂತು. ಓಬಳಪ್ಪನಿಗೆ ಕೊಡಲು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವನು ಬಾನೆಟ್ ಎತ್ತಿ ಎಂಜಿನ್ನಿಗೆ ತಲೆ ಹಾಕಿದ್ದ. ಎಣ್ಣೆ ಕೈಗೆ ನೋಟು ಕೊಡುವುದು ಚೆನ್ನಾಗಿರುವುದಿಲ್ಲ. ಮುಂದಿನ ತಿಂಗಳು ಎರಡೂ ಸೇರಿಸಿ ಕೊಟ್ಟರೆ ಕೊಟ್ಟಂತೆ ಕಾಣುತ್ತದೆ.

ನಾನು ಮೂರನೆಯ ಸ್ಥಾನದಲ್ಲಿದ್ದೇನಂತೆ. ಮೂರನೆಯವನು ಎಂದರೆ ದೂತನೇ.

೧೨ ಫೆಬ್ರವರಿ, ಸೋಮವಾರ

ಸಂತೇಬೆನ್ನೂರಿನಲ್ಲಿ ದಿನಾ ಹತ್ತುವ ಅಜ್ಜಮ್ಮ ವೀಳ್ಯದೆಲೆ ಮಾರುವವಳು. ಅರವತ್ತರ ಮೇಲಾಗಿದೆ. ಎಲೆಯ ಕುಕ್ಕೆಯನ್ನು ಬಾಗಿಲ ಹತ್ತಿರ ಇಟ್ಟು, ಮೊದಲ ಸೀಟಿನಲ್ಲಿ ಕೂತು, ದಾವಣಗೆರೆಯವರೆಗೆ ಇಡೀ ತಾಲೂಕಿನ ಸುದ್ದಿ ಹೇಳುತ್ತಾಳೆ. ಕುಕ್ಕೆಗೆ ಲಗೇಜು ಚಾರ್ಜು ತೆಗೆದುಕೊಂಡವನಲ್ಲ ನಾನು. ಇವತ್ತು ತೆಗೆದುಕೊಂಡೆ.

"ಏನೋ ಪಂಚಾಕ್ಷರಿ, ಇವತ್ತು ಯಾವ ಪಾರ್ಟು ನಿಂದು?"

"ರಾಜನ ಪಾರ್ಟು ಅಜ್ಜಿ. ಕುಕ್ಕೆಗೂ ನಾಕಾಣೆ."

"ಕುಕ್ಕೆ ಸೀಟಿನ ಮ್ಯಾಲೆ ಕುಂತೈತೇನು? ಕುಂತಿದ್ರೆ ಕೊಡ್ತೀನಿ."

"ಕಂಪನಿ ರೂಲು ಅಜ್ಜಿ."

"ಹನ್ನೊಂದು ವರ್ಷ ಆ ರೂಲು ಎಲ್ಲಿ ಮಕ್ಕಂಡಿತ್ತು?"

ಬಸ್ಸಿನಲ್ಲಿ ನಗು. ಅವಳು ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಟ್ಟಳು. ದಿನಾ ನನಗೆ ಐದು ಎಲೆ ಮಡಚಿ ಕೊಡುವವಳು ಇವತ್ತು ಮರೆತಳು. ವಯಸ್ಸಾಯಿತಲ್ಲ.

೨೦ ಮಾರ್ಚ್, ಮಂಗಳವಾರ

ಓಬಳಪ್ಪನೊಂದಿಗೆ ಸ್ವಲ್ಪ ಮಾತಾಯಿತು. ನಮಗಿಂತ ಹತ್ತು ನಿಮಿಷ ಮೊದಲು ಬೇರೆ ಕಂಪನಿಯ ಬಸ್ಸು ಹೊರಡುತ್ತದೆ. ಅದನ್ನು ಹಿಂದೆ ಹಾಕಿದರೆ ದಾರಿಯ ಜನವೆಲ್ಲ ನಮ್ಮವರು. ಬೆಲ್ ಹೊಡೆದು ಹೊಡೆದು ಹೇಳಿದೆ, "ತುಳಿಯೋ, ತುಳಿ." ತುಳಿಯಲಿಲ್ಲ. ಜಗಳೂರಿನಲ್ಲಿ ಇಳಿದು ಕೇಳಿದೆ. ಅವನು ಮೀಸೆ ಒರೆಸಿಕೊಂಡು ಹೇಳಿದ:

"ನಿಂಗೆ ಕಮಿಷನ್ನು, ನಂಗೆ ಬ್ರೇಕು. ಹಿಂಗೆ ಹಂಚ್ಕಂಡಾರೆ ಧಣಿಗಳು. ನನ್ ಪಾಲಿಂದು ನಾನ್ ನೋಡ್ಕಂತೀನಿ."

ಎಷ್ಟು ಚುಚ್ಚುಮಾತು. ಅರ್ಧ ಕೊಡಬೇಕೆಂದಿದ್ದೆ. ಇಂಥ ಮಾತಾಡಿದ ಮೇಲೆ ಕೊಟ್ಟರೆ ಲಂಚ ಕೊಟ್ಟ ಹಾಗಾಗುತ್ತದೆ. ಕೊಡುವುದಿಲ್ಲ. ಊಟದ ಹೊತ್ತಿಗೆ ನಾನು ಕಲೆಕ್ಷನ್ ಬರೆಯುತ್ತಾ ಬಸ್ಸಿನಲ್ಲೇ ಕೂತೆ. ಡಬ್ಬಿಯ ಕೆಳಗಿನ ಅಂತಸ್ತನ್ನು ಅವನು ನನ್ನ ಸೀಟಿನ ಪಕ್ಕ ಇಟ್ಟು ಹೋದ.

ಎರಡನೆಯ ಸ್ಥಾನ.

೯ ಮೇ, ಬುಧವಾರ

ಸಂತೇಬೆನ್ನೂರಿನಲ್ಲಿ ಮೊದಲ ಸೀಟು ಖಾಲಿ. ಒಂದು ವಾರದಿಂದ ಅಜ್ಜಮ್ಮ ಹತ್ತುತ್ತಿಲ್ಲ. ಅಲ್ಲಿ ಈಗ ಪೂರಾ ಚಾರ್ಜಿನ ಇಬ್ಬರು ಕೂರುತ್ತಾರೆ. ಅವಳು ನಮ್ಮ ಮುಂದೆ ಹೋಗುವ ಆ ಬೇರೆ ಕಂಪನಿಯ ಬಸ್ಸಿಗೆ ಹೋಗುತ್ತಾಳಂತೆ. ಹೋಗಲಿ.

೩೦ ಜೂನ್, ಶನಿವಾರ

ಜಯಭೇರಿ. ಜಯಭೇರಿ. ಒಂಬತ್ತು ಜನರಲ್ಲಿ ಮೊದಲನೆಯವನು ಪಂಚಾಕ್ಷರಪ್ಪ. ಧಣಿಗಳು ಎಲ್ಲರೆದುರು ಕೈ ಕುಲುಕಿದರು. ಬಿಳಿ ಅಂಗಿಯ ಬಟ್ಟೆ, ಹೊಸ ನೋಟ್ ಬುಕ್ಕು, ಕೆಂಪು ಪೆನ್ಸಿಲ್ಲು. ಸಂಬಳ ನೂರಾ ನಲವತ್ತು ಹೆಚ್ಚು. ಆದರೆ ಕಾಯಂ ಅಲ್ಲ. "ಡಿಸೆಂಬರ್ ತನಕ ನೋಡ್ತೀನಿ," ಅಂದರು ಧಣಿಗಳು. "ನವೆಂಬರ್ ಮುಗಿಯೋದ್ರೊಳಗೆ ಟಿಕೀಟ್ ಕೊಡದ ಕಂಡಕ್ಟರುಗಳನ್ನ ಹಿಡ್ದು ಆರು ಕೇಸ್ ಕೊಡ್ರಿ, ಕಾಯಂ ಮಾಡ್ತೀನಿ. ಇಲ್ಲಾಂದ್ರೆ ಬ್ಯಾಗು ತಗಂಡು ವಾಪಸ್ ಬಸ್ ಹತ್ರಿ."

ವಾಪಸ್ಸು? ಬಣ್ಣ ತೊಳೆದುಕೊಳ್ಳುವುದು ನಮ್ಮ ವಂಶಕ್ಕೆ ಒಂದು ಸಲ ಸಾಕು.

ಓಬಳಪ್ಪ ಬಂದು ಬೆನ್ನಿಗೆ ಗುದ್ದುತ್ತಾನೆಂದು ಬೆನ್ನು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವನು ದೂರದಿಂದ ಕೈ ಮುಗಿದ.

"ಒಳ್ಳೇದಾತು ಬಿಡ್ರಿ, ಸಾಹೇಬ್ರೆ."

ತಮಾಷೆ ಮಾಡುತ್ತಾನೆ ಅಂದುಕೊಂಡು ನಾನೊಬ್ಬನೇ ನಕ್ಕೆ.

೧೧ ಜುಲೈ, ಬುಧವಾರ. ಚನ್ನಗಿರಿ

ಬುಕಿಂಗ್ ಆಫೀಸಿನ ಮೇಲಿನ ರೂಮು. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಬಸ್ ಸ್ಟ್ಯಾಂಡಿನ ಕಡೆಗೆ ಒಂದು ಕಿಟಕಿ. ರಾಜಯೋಗ.

ನನ್ನ ಕೆಲಸ ಹೀಗೆ: ಯಾವುದೋ ಊರಿನಲ್ಲಿ ಇಳಿದು, ರಸ್ತೆಯಲ್ಲಿ ಎರಡು ಮೈಲಿ ನಡೆದು, ಜನವಿಲ್ಲದ ಕಡೆ ಮರದ ಕೆಳಗೆ ನಿಲ್ಲುವುದು. ನಮ್ಮ ಬಸ್ಸು ಬಂದಾಗ ಕೈ ಅಡ್ಡ ಹಾಕಿ ಹತ್ತುವುದು. ಟಿಕೀಟು ತೋರಿಸಿ, ಟಿಕೀಟು ತೋರಿಸಿ. ನೋಡಿ, ಕೆಂಪು ಗೀಟು ಹಾಕಿ, ಮತ್ತೆ ಮಧ್ಯದಾರಿಯಲ್ಲಿ ಇಳಿಯುವುದು.

ಒಂದೂ ಕೇಸಿಲ್ಲ. ಎದುರು ಬರುವ ಬಸ್ಸಿನ ಡ್ರೈವರ್ ತಲೆಯ ಮೇಲೆ ಅಂಗೈ ಇಟ್ಟು ಸನ್ನೆ ಮಾಡಿದರೆ ಮುಂದೆ ಚೆಕಿಂಗ್ ಇದೆ ಎಂದರ್ಥ. ನನಗೆ ಗೊತ್ತಿಲ್ಲವೆ? ಆ ಸನ್ನೆ ನೋಡಿ ಹನ್ನೊಂದು ವರ್ಷ ಟಿಕೀಟು ಹರಿದವನು ನಾನು.

೨೭ ಜುಲೈ, ಶುಕ್ರವಾರ

ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಮೂಲೆಯ ಉದ್ದ ಬೆಂಚು ಕಂಡಕ್ಟರು, ಡ್ರೈವರುಗಳದ್ದು. ಹೊರಗಿನಿಂದಲೇ ಅವರ ಗದ್ದಲ ಕೇಳುತ್ತಿತ್ತು, ಯಾರೋ ಯಾರದೋ ನಡಿಗೆ ಅನುಕರಿಸುತ್ತಿದ್ದರು. ನಾನು ಒಳಗೆ ಕಾಲಿಟ್ಟೆ. ಪರದೆ ಬಿದ್ದ ಹಾಗೆ ಎಲ್ಲ ನಿಂತಿತು. ಒಬ್ಬೊಬ್ಬರೇ "ಟೈಮಾತು" ಎಂದು ಎದ್ದರು. ಬೆಂಚು ಪೂರ್ತಿ ನನಗೇ ಸಿಕ್ಕಿತು. ಆರಾಮಾಗಿ ಕೂತು ಎರಡು ಇಡ್ಲಿ ತಿಂದೆ.

ಅಧಿಕಾರಿ ಎಂದ ಮೇಲೆ ಇಷ್ಟು ಅಂತರ ಇರಲೇಬೇಕು.

೧೪ ಆಗಸ್ಟ್, ಮಂಗಳವಾರ

ಇವತ್ತು ಬೆಳಗಿನಿಂದ ಈ ಹೊತ್ತಿನವರೆಗೆ ಬಾಯಲ್ಲಿ ಬಂದ ಮಾತು ಎರಡೇ. "ಟಿಕೀಟು ತೋರಿಸಿ." "ನಿಲ್ಲಿಸಿ, ಇಳೀತೀನಿ."

೧೫ ಆಗಸ್ಟ್, ಬುಧವಾರ

ಆಫೀಸಿಗೆ ರಜೆ. ಎರಡನೆಯ ಕುರ್ಚಿಯನ್ನು ಒರೆಸಿಟ್ಟೆ.

೮ ಅಕ್ಟೋಬರ್, ಸೋಮವಾರ

ನಾಟಕದವನ ಮಗ ವೇಷಕ್ಕೆ ಸೋಲುತ್ತಾನೆಯೆ? ಬಿಳಿ ಅಂಗಿ ಬಿಚ್ಚಿಟ್ಟು, ಕಂಬಳಿ ಹೊದ್ದು, ತಲೆಗೆ ಟವೆಲ್ ಸುತ್ತಿ, ಕೋಲು ಹಿಡಿದು ಕುರಿ ಕಾಯುವವನಾಗಿ ರಸ್ತೆಯಲ್ಲಿ ನಿಂತೆ. ಎದುರಿನ ಡ್ರೈವರಿಗೆ ಗುರುತೇ ಸಿಗಲಿಲ್ಲ. ಈ ತಿಂಗಳಿನಲ್ಲಿ ಇದು ಎರಡನೆಯ ಕೇಸು. ಕಳೆದ ತಿಂಗಳದ್ದೂ ಸೇರಿ ನಾಲ್ಕು.

ಬಸ್ಸಿನೊಳಗೆ ಒಂದು ಮುದುಕಿ ಪಕ್ಕಕ್ಕೆ ಸರಿದು "ಕುಂದ್ರಪ್ಪ" ಎಂದು ಜಾಗ ಕೊಟ್ಟಳು. ಎರಡು ಮೈಲಿ ಪಕ್ಕದಲ್ಲಿ ಕೂತೆ. ಮಳೆ ಹೆಂಗೈತೆ, ಕುರಿ ಎಷ್ಟವೆ, ಮನೆ ಕಡೆ ಹೆಂಗೈತೆ ಎಂದೆಲ್ಲ ಕೇಳಿದಳು. ಹದಿನೆಂಟು ಕುರಿ, ಎರಡು ಮಕ್ಕಳು ಅಂದೆ. ಹೆಸರು ಕೇಳಿದಳು, ಮಕ್ಕಳ ಹೆಸರೂ ಹೇಳಿದೆ. ಕಂಡಕ್ಟರನನ್ನು ಸ್ವಲ್ಪ ಮೊದಲೇ ಹಿಡಿಯಬಹುದಿತ್ತು. ಸರಿಯಾದ ಸಮಯಕ್ಕಾಗಿ ಕಾದೆ.

೨೦ ನವೆಂಬರ್, ಮಂಗಳವಾರ

ಆರನೆಯ ಕೇಸು ಸಿಕ್ಕಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಜಗಳೂರಿನಿಂದ ಈಚೆ ಮೂರು ಮೈಲಿ, ಬಿಸಿಲು ನೆತ್ತಿಯ ಮೇಲೆ. ಕಂಬಳಿ ಹೊದ್ದು ಕೈ ಅಡ್ಡ ಹಾಕಿದೆ. ನಿಂತದ್ದು ಓಬಳಪ್ಪನ ಬಸ್ಸು. ಕಂಡಕ್ಟರ್ ಮರುಳಪ್ಪ, ನನ್ನ ಜಾಗಕ್ಕೆ ಬಂದವನು, ಇಪ್ಪತ್ತೆಂಟು ವರ್ಷ, ಮೂರು ಮಕ್ಕಳು. ಬಸ್ಸು ಮುಂದೆ ಹೋದ ಮೇಲೆ ಕಂಬಳಿ ತೆಗೆದೆ. ಒಳಗಿನ ಟಿಕೀಟುಗಳೆಲ್ಲ ಸರಿಯಾಗಿದ್ದವು. ಆಗ ಟಾಪಿನ ಮೇಲೆ ಹಾರ್ಮೋನಿಯಂ ದನಿ ಕೇಳಿಸಿತು.

ಬಸ್ಸು ನಿಲ್ಲಿಸಿ ಏಣಿ ಹತ್ತಿದೆ. ಏಳು ಜನ. ದೊಡ್ಡಣ್ಣ ಮೇಷ್ಟ್ರು ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಬಾರೋ ಪಂಚಾಕ್ಷರಿ. ಎಲ್ಲಿ ಹಾಳಾಗಿ ಹೋಗಿದ್ದೆ? ಚನ್ನಗಿರಿನಾಗೆ ಸೀನು ಮಾಡೋಣ ಬಾ, ರಾಜ ಇಲ್ದೆ ಒದ್ದಾಡ್ತಿದೀವಿ."

"ಟಿಕೀಟು ತೋರಿಸಿ."

"ಇದು ಯಾವ ನಾಟಕದ ಮಾತಪ್ಪಾ?"

ಉಳಿದವರು ನಕ್ಕರು. ನಾನು ನೋಟ್ ಬುಕ್ ತೆಗೆದ ಮೇಲೆ ನಿಲ್ಲಿಸಿದರು. ಕೆಳಗೆ ಮರುಳಪ್ಪ ಏಣಿ ಹಿಡಿದು ನಿಂತಿದ್ದ.

"ಇದು ನೀವೇ ಹಾಕಿದ್ ಪದ್ಧತಿ ಅಲ್ವೇನ್ರಿ? ನಾಟಕದೋರಿಗೆ ಪುಕ್ಕಟೆ ಅಂತ ಓಬಳಪ್ಪಣ್ಣ ಹೇಳಿದ್ದಕ್ಕೆ ನಾನೂ ನಡೆಸ್ದೆ. ಒಂದ್ ಪೈಸೆ ತಗಂಡಿಲ್ರಿ, ಮಕ್ಕಳಾಣೆ."

ಪೈಸೆ ತೆಗೆದುಕೊಂಡಿಲ್ಲವೆಂದು ನನಗೂ ಗೊತ್ತು. ಆದರೆ ಟಿಕೀಟಿಲ್ಲದವರು ಏಳು ಜನ. ಮೂರರ ಮೇಲಾದರೆ ಕೆಲಸದಿಂದ ತೆಗೆಯುವುದು. ರೂಲು. ಬರೆದೆ. ಸಹಿ ಮಾಡಿಸಿದೆ.

ಓಬಳಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ರಸ್ತೆಯನ್ನೇ ನೋಡುತ್ತಿದ್ದ. "ಬರ್ದಾತೇನ್ರಿ ಸಾಹೇಬ್ರೆ?" ಅಂದ. "ಬಸ್ಸು ಬಿಡ್ಲಾ?"

ಕೇಸಿನ ಕಾಗದ ಶನಿವಾರ ಸಂಜೆ ಆರರ ಬಸ್ಸಿನ ಚೀಲದಲ್ಲಿ ದಾವಣಗೆರೆಗೆ ಹೋಗಬೇಕು. ಅಲ್ಲಿಯವರೆಗೆ ನನ್ನ ಮೇಜಿನಲ್ಲಿರುತ್ತದೆ.

೨೧ ನವೆಂಬರ್, ಬುಧವಾರ

ಇವತ್ತು ರೂಮಿಗೆ ಒಬ್ಬರು ಬಂದರು.

ಓಬಳಪ್ಪ. ಅವನ ಬಸ್ಸು ಸಂಜೆ ನಾಲ್ಕೂವರೆಗೆ ಚನ್ನಗಿರಿಗೆ ಬಂದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೇ ಗುರುತು ಸಿಕ್ಕಿತು, ಎಡಗಾಲು ಸ್ವಲ್ಪ ಎಳೆಯುತ್ತಾನೆ. ಎರಡನೆಯ ಕುರ್ಚಿಯಲ್ಲಿ ಕೂರಿಸಿದೆ. ಕೆಳಗಿನಿಂದ ಚಾ ತರಿಸಿದೆ.

"ಕಾಗದ ಹರ್ದಾಕ್ರಿ," ಅಂದ. "ಮರುಳನ ಹೆಂಡ್ತಿ ಉಡಚಮ್ಮ ನಿನ್ನೆ ನಮ್ಮನೆಗೆ ಬಂದು ಅತ್ಲು. ಕೂಸು ಇನ್ನಾ ಹಾಲು ಕುಡೀತೈತೆ."

"ಆರನೇ ಕೇಸು ಕಣೋ ಇದು. ಇಲ್ದಿದ್ರೆ ನಾನು ಕಾಯಂ ಆಗಲ್ಲ."

"ಆಗದಿದ್ರೆ ವಾಪಸ್ ಬಸ್ಸಿಗೆ ಬರ್ತೀರಿ. ಅದೇನ್ ಸ್ಮಶಾನ ಅಲ್ಲ."

"ಯೋಚ್ನೆ ಮಾಡ್ತೀನಿ. ನಾಳೆ ಬಾ."

ಹೋದ ಮೇಲೆ ಅವನು ಕುಡಿದ ಲೋಟ ಸ್ವಲ್ಪ ಹೊತ್ತು ಮೇಜಿನ ಮೇಲೇ ಇತ್ತು.

೨೨ ನವೆಂಬರ್, ಗುರುವಾರ

ಮತ್ತೆ ಬಂದ. ನಾನು ಮೊದಲೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಟ್ಟಿದ್ದೆ. ಬಸ್ಸಿನ ಗೇರು ಈಗಲೂ ಜಾರುತ್ತದೆಯೇ, ಹೊನ್ನೂರಮ್ಮನ ಕಾಲು ನೋವು ಹೇಗಿದೆ ಎಂದು ಕೇಳಿದೆ. ಹತ್ತು ನಿಮಿಷ ಅದರಲ್ಲೇ ಹೋಯಿತು. ಎರಡು ಸಲ ನಕ್ಕ.

ಏಳುವಾಗ ಕೇಳಿದ, "ಕಾಗದ?"

"ನಾಳೆ ಹೇಳ್ತೀನಿ."

ನಿಜ ಹೇಳಬೇಕೆಂದರೆ ಮನಸ್ಸು ಆಗಲೇ ಹರಿಯುವ ಕಡೆಗೆ ವಾಲಿತ್ತು. ಆದರೆ ಇಂಥ ವಿಷಯದಲ್ಲಿ ಅವಸರ ಮಾಡಬಾರದು.

೨೩ ನವೆಂಬರ್, ಶುಕ್ರವಾರ

ಬಂದ. ಇವತ್ತು ಬಜ್ಜಿ ಮುಟ್ಟಲಿಲ್ಲ. ಕೂರಲೂ ಇಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತ.

"ದಿನಾ ನಾಳೆ ಅಂತೀರಿ. ಹೂಂ ಅಂದ್ರೆ ಹೂಂ ಅನ್ರಿ, ಊಹೂಂ ಅಂದ್ರೆ ಊಹೂಂ. ನಾ ಇಲ್ಲಿ ಹತ್ತಿ ಇಳಿಯಾಕೆ ಬರ್ತಿಲ್ಲ."

"ನಾಳೆ ಕೊನೆ ದಿನ. ನಾಳೆ ಖಂಡಿತ. ಬಾ."

"ಬರ್ತೀನಿ," ಅಂದ. "ನಾಳೆ ಒಂದ್ ಸಲ ಬರ್ತೀನಿ."

೨೪ ನವೆಂಬರ್, ಶನಿವಾರ

ಹರಿಯುವುದೆಂದು ತೀರ್ಮಾನಿಸಿದೆ. ಬೆಳಗ್ಗೆಯೇ ಹರಿಯಬಹುದಿತ್ತು. ಆದರೆ ನೋಡುವವರಿಲ್ಲದೆ ಹರಿದರೆ ಅದು ಚೂರು ಕಾಗದ, ಅಷ್ಟೇ. ಅವನ ಎದುರಿಗೇ ಹರಿಯಬೇಕು. ಮಾತು ಕೂಡ ಸಿದ್ಧ ಮಾಡಿಕೊಂಡೆ: "ಓಬಳಪ್ಪಾ, ಕುರ್ಚಿ ಹೋದರೆ ಹೋಗಲಿ. ಇಗೋ ನೋಡು, ಮರುಳಪ್ಪನ ಅನ್ನ ನನ್ನ ಕೈಯಲ್ಲಿದೆ." ಆಮೇಲೆ ಚರ್ ಎಂದು ಎರಡು ತುಂಡು, ಮತ್ತೆ ನಾಲ್ಕು. ಮೂರು ಸಲ ಅಭ್ಯಾಸ ಮಾಡಿದೆ. ಎಷ್ಟೋ ದಿನದ ಮೇಲೆ ಗಂಟಲು ತೆರೆಯಿತು.

ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡೆ, ಕಿಟಕಿಗೆ ಬೆನ್ನು. ನಾಲ್ಕೂವರೆಯಾಯಿತು. ಕೆಳಗೆ ಬಸ್ಸುಗಳು ಬಂದವು, ಹಾರನ್ ಹೊಡೆದವು, ಹೋದವು. ಕಿಟಕಿಯಲ್ಲಿ ಇಣುಕಿ ನೋಡೋಣ ಅನ್ನಿಸಿತು. ಆದರೆ ಬಣ್ಣ ಹಚ್ಚಿದವನು ಪರದೆ ಸರಿಸಿ ಜನ ಬಂದರೇ ಎಂದು ಇಣುಕಬಾರದು, ಇಣುಕಿದರೆ ಆಟ ಕೆಡುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಇಣುಕಲಿಲ್ಲ.

ಐದಾಯಿತು. ಐದೂವರೆ. ಮೆಟ್ಟಿಲ ಮೇಲೆ ಹೆಜ್ಜೆ ಬರಲಿಲ್ಲ.

ಒಂದು ಸಲ ಬರ್ತೀನಿ ಎಂದವನು ಆ ಒಂದು ಸಲವೂ ಬರಲಿಲ್ಲ. ನನ್ನ ಮನೆಯ ಮೆಟ್ಟಿಲು ಅಷ್ಟು ಭಾರವಾಯಿತೆ? ಆರಕ್ಕೆ ಐದು ನಿಮಿಷ ಇರುವಾಗ ಬುಕಿಂಗ್ ಕ್ಲಾರ್ಕ್ ರಂಗಣ್ಣ ಚೀಲ ಹಿಡಿದು ಬಂದ. ಕಾಗದವನ್ನು ಚೀಲಕ್ಕೆ ಹಾಕಿದೆ. ಆಮೇಲೆ ಬೀಗ ಹಾಕಿ ಕೆರೆಯ ಕಡೆಗೆ ನಡೆದು ಹೋದೆ.

೨೫ ನವೆಂಬರ್, ಭಾನುವಾರ

ಸಂತೇಬೆನ್ನೂರಿನ ಹತ್ತಿರ ಓಬಳಪ್ಪನ ಬಸ್ಸಿನ ಚಕ್ರದ ಮೇಲಿನ ಸ್ಪ್ರಿಂಗ್ ಪಾಟಾ ಮುರಿದು ನಿಂತಿತ್ತಂತೆ. ಚನ್ನಗಿರಿಗೆ ಬಂದಾಗ ಆರೂ ಮುಕ್ಕಾಲು. ರಿಜಿಸ್ಟರಿನಲ್ಲಿ ಬರೆದಿದೆ.

ರಂಗಣ್ಣ ಹೇಳಿದ, "ಓಬಳಪ್ಪ ಓಡ್ಕಂಡ್ ಮ್ಯಾಲೆ ಹೋಗಿದ್ರು. ಬೀಗ ಹಾಕಿತ್ತು. ಸ್ವಲ್ಪ ಹೊತ್ತು ಅಲ್ಲೇ ಮೆಟ್ಟಿಲ ಮ್ಯಾಲೆ ಕುಂತಿದ್ರು. ಜನ ಬೈತಾರೆ ಅಂತ ಎದ್ ಹೋದ್ರು."

ಟೈಮ್ ಎಂದರೆ ಟೈಮ್. ಕಂಪನಿಯ ಬಸ್ಸು ಎರಡು ಗಂಟೆ ಲೇಟಾದರೆ ಅದಕ್ಕೆ ನಾನು ಹೊಣೆಯಲ್ಲ.

ಪೋಸ್ಟಾಫೀಸಿಗೆ ಹೋದೆ, ಧಣಿಗಳಿಗೆ ಟ್ರಂಕ್ ಕಾಲ್ ಮಾಡಲು. ಭಾನುವಾರ ಎಂದು ಮರೆತಿದ್ದೆ.

೨೬ ನವೆಂಬರ್, ಸೋಮವಾರ

ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಕಾಗದ ವಾಪಸ್ ತೆಗೆದುಕೊಳ್ಳುತ್ತೇನೆ, ತಪ್ಪಾಗಿ ಬರೆದಿದ್ದೇನೆ ಎನ್ನಬೇಕೆಂದಿದ್ದೆ. ಲೈನು ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಧಣಿಗಳ ದನಿ:

"ಶಹಬ್ಬಾಸ್ ಪಂಚಾಕ್ಷರಪ್ಪ. ಹಳೇ ಜೋಡಿ ಅಂತ ಡ್ರೈವರ್ ಮುಖ ನೋಡಿಲ್ಲ ನೀವು. ಇಂಥೋನು ಬೇಕಾಗಿತ್ತು ನಂಗೆ. ಮರುಳಪ್ಪನ್ನ ಇವತ್ತೇ ಬಿಡಿಸ್ದೆ."

ಶಹಬ್ಬಾಸ್. ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

"ಥ್ಯಾಂಕ್ಸ್ ರೀ ಧಣಿ," ಅಂದೆ. ಅಷ್ಟರಲ್ಲಿ ಕಾಲಿನ ಮೂರು ನಿಮಿಷ ಮುಗಿದು ಲೈನು ಕಡಿಯಿತು.

೩೧ ಡಿಸೆಂಬರ್, ಸೋಮವಾರ

ಆರ್ಡರು ಬೆಳಗಿನ ಬಸ್ಸಿನ ಚೀಲದಲ್ಲಿ ಬಂತು. ಟೈಪ್ ಮಾಡಿದ್ದು, ಕಂಪನಿಯ ಮೊಹರು, ಧಣಿಗಳ ಸಹಿ. ನಾಳೆಯಿಂದ ಕಾಯಂ.

ರಂಗಣ್ಣನಿಗೆ ಹೇಳಲು ಕೆಳಗಿಳಿದೆ. ಅವನು ಬುಕಿಂಗಿನಲ್ಲಿದ್ದ, ತಲೆ ಎತ್ತದೆ "ಸರಿ ಸಾರ್" ಅಂದ. ಯಾವುದಕ್ಕೆ ಸರಿ ಅಂದನೋ. ದಾರಿಯಲ್ಲಿ ಯಾರಿಗಾದರೂ ಹೇಳೋಣ ಎಂದು ಹೊರಟಿದ್ದ ಬಸ್ಸು ಹತ್ತಿದೆ. ಓಬಳಪ್ಪನದೇ. ಹೊಸ ಕಂಡಕ್ಟರ್ ಎದ್ದು ನಿಂತ.

ಇವತ್ತು ವೇಷವಿಲ್ಲ, ಬಿಳಿ ಅಂಗಿ. ಚೆಕ್ ಮಾಡುವ ಉದ್ದೇಶವೂ ಇರಲಿಲ್ಲ. ಮುಂದಿನ ಬಾಗಿಲಿನಲ್ಲಿ ನಿಂತು, ಒಂದು ಮಾತು ಹೇಳೋಣ ಎಂದು ಜನರ ಕಡೆ ತಿರುಗಿದೆ. ನಾನು ಏನೂ ಕೇಳಿರಲಿಲ್ಲ. ಆದರೂ ಒಬ್ಬೊಬ್ಬರಾಗಿ ಟಿಕೀಟು ಎತ್ತಿ ಹಿಡಿದರು. ಮೊದಲ ಸೀಟಿನಿಂದ ಕೊನೆಯ ಸೀಟಿನವರೆಗೆ. ನಿದ್ದೆ ಮಾಡುತ್ತಿದ್ದವನನ್ನು ಪಕ್ಕದವನು ತಿವಿದು ಎಬ್ಬಿಸಿ ತೆಗೆಸಿದ. ತಾಯಿಯೊಬ್ಬಳು ತೊಡೆಯ ಮೇಲಿನ ಕೂಸಿನ ಕೈಗೆ ತನ್ನ ಟಿಕೀಟು ಕೊಟ್ಟು, ಆ ಕೈಯನ್ನೇ ಎತ್ತಿ ತೋರಿಸಿದಳು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಓಬಳಪ್ಪ ಹಿಂದೆ ತಿರುಗಲಿಲ್ಲ.

ಎಲ್ಲ ಸರಿಯಾಗಿದ್ದವು. ಎಲ್ಲದಕ್ಕೂ ಕೆಂಪು ಗೀಟು ಹಾಕಿದೆ.

"ನಿಲ್ಲಿಸಿ, ಇಳೀತೀನಿ," ಅಂದೆ. ಇಳಿದೆ. ಎರಡೂ ಕಡೆ ಕಟಾವಾದ ಜೋಳದ ಹೊಲ. ಬಸ್ಸು ಹೊರಟು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಒಳಗೆ ಮಾತು ಶುರುವಾಯಿತು, ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ತಿರುವು ದಾಟುವವರೆಗೆ ಕೇಳುತ್ತಿತ್ತು.

ಲೈನಿಗೆ ಶಿಸ್ತು ಬಂದಿದೆ. ಧಣಿಗಳಿಗೆ ಬರೆಯಬೇಕು.

ಮುಂದಿನ ಬಸ್ಸಿಗೆ ಒಂದೂ ಮುಕ್ಕಾಲು ಗಂಟೆ ಇತ್ತು. ಅಲ್ಲಿಯವರೆಗೆ ನನಗೆ ಟಿಕೀಟು ತೋರಿಸುವವರೂ ಯಾರೂ ಇರಲಿಲ್ಲ.